ಸಂಜೆ ಆರಕ್ಕೆ ದಾಲ್ ಫ್ರೈ, ಎಂಟಕ್ಕೆ ತಾಂಗ್ ರಾಜವಂಶ

"ಸಂಜೆ: ಭಾರತೀಯ ರೆಸ್ಟೋರೆಂಟಿನಲ್ಲಿ ಭೋಜನ. ನಂತರ ವಿಶ್ವವಿಖ್ಯಾತ ಟ್ಯಾಂಗ್ ಡೈನಸ್ಟಿ ಶೋ. ರಾತ್ರಿ ಹೋಟೆಲಿನಲ್ಲಿ ವಿಶ್ರಾಂತಿ."

ಚೀನಾ ಟೂರ್ ಪ್ಯಾಕೇಜುಗಳ ಐದು ಹಾಳೆ ನನ್ನ ಹತ್ರ ಇವೆ. ನಾಲ್ಕರಲ್ಲಿ ಶಿಯಾನ್ ಊರಿನ ದಿನ ಮುಗಿಯೋದು ಹೆಚ್ಚು ಕಮ್ಮಿ ಇದೇ ಸಾಲಿನಿಂದ. ಐದನೆಯದರಲ್ಲಿ ಶೋ ಮುಂದೆ "ಐಚ್ಛಿಕ" ಅಂತ ಒಂದು ಪದ ಸೇರಿಸಿದ್ದಾರೆ, ಅಂದ್ರೆ ಅದಕ್ಕೆ ಬೇರೆ ದುಡ್ಡು.

ಈ ಸಾಲಿನ ಮೇಲೆ ನಂಗೆ ಸಿಟ್ಟಿದೆ. 2020ರಿಂದ ನಿಂತು ಹೋಗಿದ್ದ ಭಾರತ-ಚೀನಾ ನೇರ ವಿಮಾನಗಳು 2025ರ ಅಕ್ಟೋಬರಿನಲ್ಲಿ ಮತ್ತೆ ಶುರುವಾದವಲ್ಲ, ಅವತ್ತಿನಿಂದ ಆಫೀಸಿನವರು, ನೆಂಟರು, ನೆಂಟರ ನೆಂಟರು ಎಲ್ಲ "ನೀನು ಹೋಗ್ಬಂದಿದೀಯಲ್ಲ, ಈ ಪ್ಯಾಕೇಜ್ ಹೆಂಗಿದೆ ಸ್ವಲ್ಪ ನೋಡು" ಅಂತ ಹಾಳೆ ಕಳಿಸ್ತಾನೇ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದಲು ಇಲ್ಲೇ ಒಂದು ಸಲ ಬರೆದು ಬಿಡ್ತೀನಿ. ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳಿ.

ನಾನು ಹೋಗಿದ್ದು 2024ರ ಜೂನ್‌ನಲ್ಲಿ, ಅಪ್ಪ ಅಮ್ಮನ ಜೊತೆ, ಬೆಂಗಳೂರಿನ ಒಂದು ಟೂರ್ ಕಂಪನಿಯ ಗುಂಪಿನಲ್ಲಿ. ಹೆಸರು ಬೇಡ. ಹೆಸರು ಹೇಳಿದ್ರೆ ಇದು ಆ ಒಂದು ಕಂಪನಿಯ ದೂರು ಅನ್ನೋ ಹಾಗೆ ಆಗುತ್ತೆ. ನನ್ನ ತಕರಾರು ಇರೋದು ಎಲ್ಲರೂ ಒಪ್ಪಿಕೊಂಡು ಕೂತಿರೋ ಒಂದು ಅಭ್ಯಾಸದ ಮೇಲೆ.

ಮೊದಲು ಗಡಿಯಾರದ ವಿಷಯ. ಚೀನಾ ಅಷ್ಟು ಅಗಲ ಇದ್ರೂ ಇಡೀ ದೇಶಕ್ಕೆ ಒಂದೇ ಟೈಮ್, ಬೀಜಿಂಗ್ ಟೈಮ್. ಶಿಯಾನ್ ಇರೋದು ಬೀಜಿಂಗ್‌ಗಿಂತ ಸಾಕಷ್ಟು ಪಶ್ಚಿಮಕ್ಕೆ. ಹಾಗಾಗಿ ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದು ಸುಮಾರು ಎಂಟು ಗಂಟೆಗೆ. ನಮ್ಮನ್ನ "ರಾತ್ರಿ ಊಟ"ಕ್ಕೆ ಇಳಿಸಿದ್ದು ಆರಕ್ಕೆ ಹತ್ತು ನಿಮಿಷ ಇರುವಾಗ. ಬಿಸಿಲು ಕಣ್ಣಿಗೆ ಹೊಡೀತಿತ್ತು. ಊರಿನ ಜನ ಇನ್ನೂ ಆಫೀಸಿನಿಂದ ಹೊರಗೆ ಬಂದಿಲ್ಲ, ನಾವು ಮಾತ್ರ ನಲವತ್ತು ಜನ ಸಾಲಾಗಿ ನಿಂತು ಪ್ಲೇಟ್ ಹಿಡ್ಕೊಂಡಿದ್ದೀವಿ, ಮದುವೆ ಮನೆಯ ಎರಡನೇ ಪಂಕ್ತಿ ತರ.

ಪ್ಲೇಟಲ್ಲಿ ಏನು? ದಾಲ್ ಫ್ರೈ, ಜೀರಾ ರೈಸ್, ಆಲೂ ಗೋಬಿ, ಪನೀರ್ ಹಾಕಿದ ಕೆಂಪು ಗ್ರೇವಿ, ರಬ್ಬರ್ ಆಗಿದ್ದ ನಾನ್, ಎರಡು ಗುಲಾಬ್ ಜಾಮೂನ್. ಬೀಜಿಂಗ್‌ನಲ್ಲಿ ತಿಂದಿದ್ದೂ ಇದೇ, ಶಾಂಘೈಗೆ ಹೋದ ಮೇಲೂ ಇದೇ. ಹಾಸನದ ನಮ್ಮ ಮನೆಯಲ್ಲಿ ಜೀರಾ ರೈಸ್ ಯಾವತ್ತೂ ಮಾಡಿದ್ದಿಲ್ಲ. ಅನ್ನ ಸಾರು ಉಣ್ಣೋ ನಮಗೆ "ನಿಮ್ಮ ಊಟ" ಅಂತ ಪಂಜಾಬಿ ಢಾಬಾದ ನಕಲನ್ನ ಬಡಿಸಿ, ಅದಕ್ಕೆ ನಾವು ಕೃತಜ್ಞರಾಗಿ ಇರಬೇಕು ಅಂತ ನಿರೀಕ್ಷೆ ಬೇರೆ. ಮನೆ ಊಟ ಸಿಕ್ತು ಅನ್ನೋ ಸಮಾಧಾನಾನೂ ಇಲ್ಲ, ಆ ಊರಿನ ಊಟ ತಿಂದ್ವಿ ಅನ್ನೋದೂ ಇಲ್ಲ.

"ಅಯ್ಯೋ, ಚೀನಾದಲ್ಲಿ ವೆಜ್ ಎಲ್ಲಿ ಸಿಗುತ್ತಪ್ಪಾ?" ಇದು ಟೂರ್ ಕಂಪನಿಯವರ ಬ್ರಹ್ಮಾಸ್ತ್ರ. ನಮ್ಮಮ್ಮ ಮೊಟ್ಟೆ ಕೂಡ ಮುಟ್ಟೋದಿಲ್ಲ. ಆದ್ದರಿಂದ ಇದನ್ನ ನಾನು ಸುಮ್ನೆ ತಮಾಷೆ ಮಾಡಿ ಬಿಡೋ ಹಾಗಿಲ್ಲ, ಸ್ವಲ್ಪ ವಿವರವಾಗಿ ಹೇಳ್ತೀನಿ.

ಶಿಯಾನ್ ಗೋಧಿ ಊರು. ದಕ್ಷಿಣ ಚೀನಾದ ಹಾಗೆ ಅನ್ನದ ಊರಲ್ಲ. ಅಲ್ಲಿಯ ಬೀದಿ ತಿಂಡಿಗಳಲ್ಲಿ ಅರ್ಧಕ್ಕರ್ಧ ಹಿಟ್ಟು, ವಿನೆಗರ್, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಲಿಯಾಂಗ್‌ಪಿ ಅಂತ ಒಂದಿದೆ. ಗೋಧಿ ಹಿಟ್ಟನ್ನ ಕಲಸಿ ನೀರಿನಲ್ಲಿ ತೊಳೆದು ತೊಳೆದು ಹಾಲು ತೆಗೀತಾರೆ. ಆ ಹಾಲು ತಳ ಕೂತ ಮೇಲೆ ತಟ್ಟೆಯಲ್ಲಿ ತೆಳ್ಳಗೆ ಹರಡಿ ಆವಿಯಲ್ಲಿ ಬೇಯಿಸ್ತಾರೆ. ತೊಳೆದು ಉಳಿದ ಅಂಟನ್ನೂ ಬಿಸಾಡಲ್ಲ, ಅದನ್ನೂ ಬೇಯಿಸಿ ಸ್ಪಂಜಿನ ಹಾಗಿರೋ ತುಂಡು ಮಾಡಿ ಮೇಲೆ ಹಾಕ್ತಾರೆ. ಹಾಳೆಯನ್ನ ಉದ್ದುದ್ದ ಕತ್ತರಿಸಿ, ಸೌತೆಕಾಯಿ, ಮೊಳಕೆ ಕಾಳು, ವಿನೆಗರ್, ಬೆಳ್ಳುಳ್ಳಿ ನೀರು, ಮೆಣಸಿನ ಎಣ್ಣೆ ಹಾಕಿ ತಣ್ಣಗೇ ಕೊಡ್ತಾರೆ. ಅಮ್ಮ ಅಂಗಡಿ ಮುಂದೆ ನಿಂತು ನಾನು ಮೊಬೈಲಿನಲ್ಲಿ ಓದಿ ಹೇಳಿದ್ದನ್ನ ಕೇಳಿ, "ಇದು ಗೋಧಿ ಹಲ್ವಕ್ಕೆ ಹಾಲು ತೆಗೆಯೋ ಹಾಗೇ ಅಲ್ವೇನೋ... ಬೇಯ್ಸೋದು ಎಲೆ ಹಪ್ಪಳದ ಹಾಗೆ" ಅಂದ್ರು. ಎರಡು ನಿಮಿಷದಲ್ಲಿ ಅವರಿಗೆ ಅದು ಪರದೇಶದ ತಿಂಡಿಯಾಗಿ ಉಳಿಯಲೇ ಇಲ್ಲ. ಅಕ್ಕಿಯಲ್ಲಿ ಮಾಡೋ ಇನ್ನೊಂದು ಬಗೆಯೂ ಇದೆ.

ಬಿಯಾಂಗ್‌ಬಿಯಾಂಗ್ ನೂಡಲ್ಸ್ ಗೊತ್ತಿರಬಹುದು. ಸೊಂಟದ ಬೆಲ್ಟಿನಷ್ಟು ಅಗಲ. ಹಿಟ್ಟನ್ನ ಎಳೆದು ಎಳೆದು ಮೇಜಿಗೆ ಬಡಿಯೋ ಸದ್ದೇ ಅದರ ಹೆಸರು ಅಂತಾರೆ. ಅದರಲ್ಲಿ ಮಾಂಸ ಹಾಕಿದ್ದೂ ಇದೆ, ಆದರೆ "ಯೋಪೋ" ಅನ್ನೋ ಸರಳ ಬಗೆಯಲ್ಲಿ ಬೆಂದ ನೂಡಲ್ಸ್ ಮೇಲೆ ಮೆಣಸಿನ ಪುಡಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಗುಡ್ಡೆ ಹಾಕಿ ಕಾದ ಎಣ್ಣೆ ಸುರೀತಾರೆ. ಚುಂಯ್ ಅನ್ನುತ್ತೆ. ಒಗ್ಗರಣೆ ಸ್ವಾಮೀ, ಬಟ್ಟಲಲ್ಲೇ ಹಾಕೋ ಒಗ್ಗರಣೆ! (ನನ್ನಂಥ ಯೂನಿಕೋಡ್ ಹುಚ್ಚರಿಗೆ ಒಂದು ಮಾತು: ಈ 'ಬಿಯಾಂಗ್' ಅಕ್ಷರಕ್ಕೆ ಹಳೆಯ ರೂಪದಲ್ಲಿ ಐವತ್ತಕ್ಕೂ ಹೆಚ್ಚು ಗೆರೆ. ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 2020ರಲ್ಲಿ, ಯೂನಿಕೋಡ್ 13.0ನಲ್ಲಿ. ಅಲ್ಲಿಯವರೆಗೆ ಹೋಟೆಲಿನವರು ಮೆನುವಿನಲ್ಲಿ ಅದನ್ನ ಚಿತ್ರ ಮಾಡಿ ಅಂಟಿಸಬೇಕಿತ್ತು. ಅರ್ಕಾವತ್ತು ಒಡೆದು ಹೋಗುತ್ತೆ ಅಂತ ನಾವು ಅಳ್ತಿದ್ವಿ :-) )

ಸಿಹಿಗೆ ಝೆಂಗ್‌ಗಾವ್. ಅಂಟು ಅಕ್ಕಿ, ಒಣಗಿದ ಕೆಂಪು ಎಲಚಿ ಹಣ್ಣು, ಕೆಂಪು ಕಾಳು, ದೊಡ್ಡ ಪಾತ್ರೆಯಲ್ಲಿ ಪದರ ಪದರವಾಗಿ ಹಾಕಿ ಗಂಟೆಗಟ್ಟಲೆ ಆವಿಯಲ್ಲಿ ಬೇಯಿಸಿದ್ದು. ಪರ್ಸಿಮನ್ ಹಣ್ಣಿನ ತಿರುಳನ್ನ ಹಿಟ್ಟಿನಲ್ಲಿ ಕಲಸಿ, ಸಕ್ಕರೆ ಹೂರಣ ತುಂಬಿ ಕರಿದ ಬಿಲ್ಲೆಗಳು ಇವೆ, ಸುಟ್ಟ ಕಜ್ಜಾಯದ ತಂಗಿ. ಕುಡಿಯೋಕೆ ಬಿಂಗ್‌ಫೆಂಗ್ ಅಂತ ಗಾಜಿನ ಬಾಟ್ಲಿಯ ಕಿತ್ತಳೆ ಸೋಡಾ, ಅದು ಆ ಊರಿನದೇ ಬ್ರಾಂಡು. ಅಪ್ಪ ಒಂದು ಗುಟುಕು ಕುಡಿದು "ಗೋಲ್ಡ್‌ಸ್ಪಾಟ್!" ಅಂದ್ರು. ಅದು ನಾನು ಹುಟ್ಟೋ ಮೊದಲಿನ ಕಥೆ, ನಂಗೊತ್ತಿಲ್ಲ.

ಎಚ್ಚರ ಬೇಡವೇ? ಬೇಕು. ಸೂಪಿನಲ್ಲಿ ಮಾಂಸದ ನೀರು ಇರಬಹುದು, ಸಾಸಿನಲ್ಲಿ ಏನೋ ಇರಬಹುದು, ತವಾದಲ್ಲಿ ಕುರಿ ಕೊಬ್ಬು ಇರಬಹುದು. ಅದಕ್ಕೆ ಅಲ್ಲಿ ಒಂದು ಪದ ಇದೆ, 'ಸೂ'. "ವೊ ಚಿ ಸೂ" ಅಂದ್ರೆ ನಾನು ಸಸ್ಯಾಹಾರಿ. ಇದು ನಾವು ಹೇಳಿಕೊಡಬೇಕಾದ ಹೊಸ ಐಡಿಯಾ ಅಲ್ಲ. ಚೀನಾದ ಬೌದ್ಧ ಭಿಕ್ಷುಗಳು ನೂರಾರು ವರ್ಷದಿಂದ ಮಾಂಸ ಬಿಟ್ಟು ಬದುಕಿದ್ದಾರೆ, ಅವರ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಜೈನರಿಗೂ ಮಾಧ್ವರಿಗೂ ಆ ಹೋಟೆಲುಗಳಲ್ಲಿ ಎಷ್ಟೋ ಪಾಲು ನೆಮ್ಮದಿ. ಇಷ್ಟು ಹಳೆಯ ಸಂಪ್ರದಾಯ ಇರೋ ಊರಿನಲ್ಲಿ "ವೆಜ್ ಸಿಗಲ್ಲ" ಅನ್ನೋದು ಸೋಮಾರಿತನ, ಅಷ್ಟೇ. ಇನ್ನು ಡೋಲು ಗೋಪುರದ ಹಿಂದಿರೋ ಹುಯಿ ಮುಸ್ಲಿಮರ ಕೇರಿಯಲ್ಲಿ ಹಂದಿ ಮಾಂಸದ ಭಯವೇ ಇಲ್ಲ. ಮಾಂಸ ತಿನ್ನೋರಿಗೆ ಅಲ್ಲಿ ಪಾವ್‌ಮೊ ಇದೆ: ಗಟ್ಟಿ ರೊಟ್ಟಿ ಕೊಡ್ತಾರೆ, ಅದನ್ನ ನಾವೇ ಕಾಳಿನಷ್ಟು ಸಣ್ಣಕ್ಕೆ ಮುರಿದು ಕೊಡಬೇಕು, ಆಮೇಲೆ ಅವರು ಕುರಿ ಸಾರಿನಲ್ಲಿ ಕುದಿಸಿ ತರ್ತಾರೆ. ರೊಟ್ಟಿ ಮುರಿಯೋಕೇ ಇಪ್ಪತ್ತು ನಿಮಿಷ. ಪಕ್ಕದ ಮೇಜಿನವರ ಜೊತೆ ಹರಟೋಕೆ ಅಂತಲೇ ಇರೋ ಇಪ್ಪತ್ತು ನಿಮಿಷ ಅದು. ಬಸ್ಸಿನ ಗುಂಪಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು?

ಈಗ ಶೋ ವಿಷಯಕ್ಕೆ ಬರೋಣ.

ಥಿಯೇಟರ್ ತಣ್ಣಗಿತ್ತು, ಕುರ್ಚಿ ಮೆತ್ತಗಿತ್ತು, ಅರ್ಧ ಜನ ಹದಿನೈದನೇ ನಿಮಿಷಕ್ಕೆ ನಿದ್ದೆ ಹೋದ್ರು. ಪಾಪ, ಬೆಳಿಗ್ಗೆಯಿಂದ ಟೆರಾಕೋಟಾ ಸೈನಿಕರನ್ನ ನೋಡಿ ಕಾಲು ಬಿದ್ದು ಹೋಗಿತ್ತು. ವೇದಿಕೆ ಮೇಲೆ ಉದ್ದ ತೋಳಿನ ರೇಷ್ಮೆ ಹಾಕಿದ ಹುಡುಗಿಯರು, ಹೊಗೆ, ನೀಲಿ ಲೈಟು. ಇಂಗ್ಲಿಷಿನಲ್ಲಿ ಒಂದು ಗಂಭೀರ ಧ್ವನಿ "ಸಾವಿರದ ಮುನ್ನೂರು ವರ್ಷಗಳ ಹಿಂದಿನ ವೈಭವ" ಅಂತ ಹೇಳ್ತಾ ಇತ್ತು. ಕುಣಿಯೋರಲ್ಲಿ ತಪ್ಪಿಲ್ಲ. ಅವರು ಚೆನ್ನಾಗಿ ಕಲಿತವರು, ಮೈ ಬಗ್ಗಿಸಿದ್ದು ನೋಡಿದ್ರೆ ಗೊತ್ತಾಗುತ್ತೆ. ತಪ್ಪಿರೋದು ಆ ಧ್ವನಿಯಲ್ಲಿ. ತಾಂಗ್ ಕಾಲ ಅಂದ್ರೆ 618ರಿಂದ 907. ಆ ಆಸ್ಥಾನದ ಕುಣಿತವನ್ನ ಯಾರೂ ತಲೆಮಾರಿನಿಂದ ತಲೆಮಾರಿಗೆ ಕಲಿಸಿಕೊಂಡು ಬಂದಿಲ್ಲ. ಷ್ವಾನ್‌ಝೊಂಗ್ ದೊರೆ ಮತ್ತು ಯಾಂಗ್ ಗ್ವೆಫೆಯ ಹೆಸರಿನ ಜೊತೆ ಸೇರಿಕೊಂಡಿರೋ 'ಕಾಮನಬಿಲ್ಲಿನ ಲಂಗ, ಗರಿಯ ಅಂಗಿ' ಕುಣಿತದ ಸಂಗೀತ ಬಹುಪಾಲು ಕಳೆದೇ ಹೋಗಿದೆ. ಈ ನಮೂನೆಯ ಶೋಗಳು ಹುಟ್ಟಿದ್ದು 1980ರ ದಶಕದಲ್ಲಿ. 1974ರಲ್ಲಿ ಮಣ್ಣಿನ ಸೈನಿಕರು ಸಿಕ್ಕರು, 1979ರಲ್ಲಿ ಮ್ಯೂಸಿಯಂ ತೆರೀತು, ವಿದೇಶಿ ಬಸ್ಸುಗಳು ಬಂದವು, ಅವರಿಗೆ ಸಂಜೆ ಏನಾದ್ರೂ ತೋರಿಸಬೇಕಿತ್ತು. ಗುಹೆ ಚಿತ್ರ, ಸಮಾಧಿಯ ಗೊಂಬೆಗಳ ಭಂಗಿ ನೋಡಿ ಊಹಿಸಿ ಕಟ್ಟಿದ್ದು. ಕಟ್ಟಲಿ, ಒಳ್ಳೇದೇ. ಆದರೆ ನನ್ನ ಅಪ್ಪನಿಗಿಂತ ಚಿಕ್ಕ ವಯಸ್ಸಿನ ಕಲೆಯನ್ನ ಸಾವಿರದ ಮುನ್ನೂರು ವರ್ಷದ್ದು ಅಂತ ಮಾರಬಾರದು.

ಇನ್ನೂ ಮಜಾ ಕೇಳಿ. ತಾಂಗ್ ಕಾಲದ ಛಾಂಗ್‌ಆನ್ ಊರಿನಲ್ಲಿ (ಶಿಯಾನ್‌ನ ಹಳೆಯ ಹೆಸರು) ರಾತ್ರಿ ಮನರಂಜನೆಗೆ ಹೊರಗೆ ಹೋಗೋದೇ ಅಪರಾಧ! ಊರನ್ನ ನೂರಕ್ಕೂ ಹೆಚ್ಚು ಗೋಡೆ ಕಟ್ಟಿದ ಕೇರಿಗಳಾಗಿ ಭಾಗ ಮಾಡಿದ್ರು. ಪೂರ್ವದ ಸಂತೆ, ಪಶ್ಚಿಮದ ಸಂತೆ ಎರಡೂ ಮಧ್ಯಾಹ್ನ 300 ಸಲ ಡೋಲು ಬಡಿದ ಮೇಲೆ ತೆರೀಬೇಕು, ಸೂರ್ಯ ಮುಳುಗೋ ಮೊದಲೇ 300 ಸಲ ಜಾಗಟೆ ಬಡಿದು ಮುಚ್ಚಬೇಕು. ಕತ್ತಲಾಗ್ತಾ ಮತ್ತೆ ಡೋಲು, ಕೇರಿಯ ಬಾಗಿಲು ಬಂದ್. ಆಮೇಲೆ ದೊಡ್ಡ ಬೀದಿಯಲ್ಲಿ ಸಿಕ್ಕಿಬಿದ್ದರೆ 20 ಏಟು, ಕಾನೂನಿನ ಪುಸ್ತಕದಲ್ಲೇ ಬರೆದಿದೆ. ಕೇರಿಯ ಗೋಡೆ ಒಳಗೆ ಏನು ಮಾಡಿಕೊಂಡ್ರೂ ಸರಿ, ಹೊರಗೆ ಬರೋ ಹಾಗಿಲ್ಲ. ವರ್ಷದ ಮೊದಲ ತಿಂಗಳ ಹುಣ್ಣಿಮೆಯ ದೀಪದ ಹಬ್ಬದ ರಾತ್ರಿಗಳು ಮಾತ್ರ ಇಡೀ ಊರಿಗೆ ಬಿಡುಗಡೆ. ಅಂದ್ರೆ ನಮ್ಮ ಟೂರ್ ಕಂಪನಿಯವರು ನಿಜವಾಗಿಯೂ ತಾಂಗ್ ಸಂಜೆ ತೋರಿಸಬೇಕಿದ್ರೆ ಆರಕ್ಕೇ ಎಲ್ಲರನ್ನೂ ಕೂಡಿ ಹಾಕಿ ಬೀಗ ಜಡೀಬೇಕು. ಹಾಗೆ ನೋಡಿದ್ರೆ... ಅವರು ಅದನ್ನೇ ಮಾಡಿದ್ರು ಬಿಡಿ.

ಇದನ್ನ ಆಫೀಸಿನಲ್ಲಿ ಹೇಳಿದಾಗ ಒಬ್ಬ ಗೆಳೆಯ ತಕ್ಷಣ ಹಿಡ್ಕೊಂಡ. "ಹಂಗಾದ್ರೆ ನೀನು ಹೊಗಳೋ ಆ ದೊಡ್ಡ ಬೀದೀನೂ ನಕಲೇ ಅಲ್ವಾ ಗುರೂ?" ಅವನು ಹೇಳಿದ್ದು ದಾ ತಾಂಗ್ ಬು ಯೆ ಛೆಂಗ್ ಬಗ್ಗೆ, 'ಮಹಾ ತಾಂಗ್‌ನ ನಿದ್ದೆಯಿಲ್ಲದ ಊರು' ಅಂತ ಅರ್ಥ. ದೊಡ್ಡ ಕಾಡುಬಾತಿನ ಗೋಪುರದ ದಕ್ಷಿಣಕ್ಕೆ ಎರಡು ಕಿಲೋಮೀಟರ್ ಉದ್ದದ ಕಾಲ್ನಡಿಗೆ ಬೀದಿ. ಇತ್ತೀಚೆಗೆ ಕಟ್ಟಿದ್ದು, ಕಾಂಕ್ರೀಟಿನ ತಾಂಗ್, ಎಲ್‌ಇಡಿ ತಾಂಗ್. ಕರ್ಫ್ಯೂ ಇದ್ದ ರಾಜಧಾನಿಗೆ ನಿದ್ದೆಯಿಲ್ಲದ ಊರು ಅಂತ ಹೆಸರು!

ಹೌದು, ನಕಲೇ. ಆದರೆ ನಕಲಿನಲ್ಲೂ ಎರಡು ಜಾತಿ. ಆ ಬೀದಿಯಲ್ಲಿ ನಿಂತು ಸುತ್ತ ನೋಡಿ. ಹತ್ತರಲ್ಲಿ ಒಂಬತ್ತು ಮುಖ ಚೀನಾದವರದ್ದೇ. ಕಾಲೇಜು ಹುಡುಗಿಯರು ಬಾಡಿಗೆಗೆ ತಾಂಗ್ ಕಾಲದ ಲಂಗ ತಂದು, ಹಣೆ ಮೇಲೆ ಕೆಂಪು ಹೂವು ಬರೆಸಿಕೊಂಡು, ಕೈಯಲ್ಲಿ ಬಬಲ್ ಟೀ ಹಿಡ್ಕೊಂಡು ಫೋಟೋ ತೆಗೆಸಿಕೊಳ್ತಿದ್ದಾರೆ. ಅಜ್ಜಿಯೊಬ್ಬರು ಮೊಮ್ಮಗಳ ಲಂಗದ ತುದಿ ಎತ್ತಿ ಹಿಡಿದು ಹಿಂದೆ ಓಡ್ತಿದ್ದಾರೆ. 2019ರಲ್ಲಿ ಇಲ್ಲಿಯೇ, ಬೀಳದ ಗೊಂಬೆಯ ಹಾಗೆ ತೂಗಾಡೋ ಬುಡದ ಮೇಲೆ ನಿಂತು ಕುಣಿದ ಹುಡುಗಿಯ ವಿಡಿಯೋ ಇಡೀ ದೇಶ ನೋಡಿತ್ತು. ಅವರು ತಮ್ಮ ಇತಿಹಾಸದ ಜೊತೆ ಆಟ ಆಡ್ತಿದ್ದಾರೆ, ಅದು ಆಟ ಅಂತ ಅವರಿಗೂ ಗೊತ್ತು. ನಮ್ಮ ಥಿಯೇಟರಿನಲ್ಲಿ ಆ ಊರಿನವರು ಅಂತ ಇದ್ದದ್ದು ವೇದಿಕೆ ಮೇಲಿದ್ದವರು ಮತ್ತು ನೀರಿನ ಬಾಟ್ಲಿ ಮಾರೋರು ಮಾತ್ರ. ನೋಡೋಕೆ ಕೂತವರೆಲ್ಲ ಬಸ್ಸಿನಿಂದ ಇಳಿದವರು. ಊರಿನವರೇ ಬಾರದ ಮನರಂಜನೆ ಊರಿನದ್ದು ಹೇಗಾಗುತ್ತೆ? ಬೆಂಗಳೂರಿನ ಸ್ಟಾರ್ ಹೋಟೆಲಿನಲ್ಲಿ ವಿದೇಶಿ ಡೆಲಿಗೇಟುಗಳಿಗೆ ಇಪ್ಪತ್ತು ನಿಮಿಷದ ಯಕ್ಷಗಾನ ತೋರಿಸ್ತಾರಲ್ಲ, ಅದನ್ನ ನೋಡಿ ಹೋದವರು "ಯಕ್ಷಗಾನ ನೋಡಿದ್ವಿ" ಅಂದ್ರೆ ನಿಮಗೆ ಹೇಗನ್ಸುತ್ತೆ? ಹಾಗೆ.

ಇಲ್ಲಿ ಅಪ್ಪನ ವಿಷಯ ಹೇಳಲೇಬೇಕು. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆದವರು. ಅವರಿಗೆ ಚೀನಾ ಅಂದ್ರೆ ಮಹಾಗೋಡೆ ಅಲ್ಲ, ಹ್ಯೂಯೆನ್ ತ್ಸಾಂಗ್. ನಮ್ಮ ಪಠ್ಯಪುಸ್ತಕದ ಆ ಹ್ಯೂಯೆನ್ ತ್ಸಾಂಗ್ ಇದೇ ಊರಿನಿಂದ ಹೊರಟು, ಇದೇ ಊರಿಗೆ 645ರಲ್ಲಿ ವಾಪಸ್ ಬಂದವನು. ತಂದಿದ್ದು 657 ಗ್ರಂಥಗಳು, ಇಪ್ಪತ್ತು ಕುದುರೆಗಳ ಮೇಲೆ. ಅವನ್ನ ಕಾಪಾಡಿ ಇಡೋಕೆ ಅಂತ 652ರಲ್ಲಿ ಕಟ್ಟಿಸಿದ್ದೇ ಆ ದೊಡ್ಡ ಕಾಡುಬಾತಿನ ಗೋಪುರ. ಅವನು ಬರೆದ ಪ್ರವಾಸದ ಪುಸ್ತಕದಲ್ಲಿ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ಬರ್ತಾನೆ, ಚೀನೀ ಬಾಯಲ್ಲಿ 'ಪು-ಲೊ-ಕಿ-ಶೆ' ಆಗಿ. ಹರ್ಷವರ್ಧನ ಎಲ್ಲರನ್ನೂ ಗೆದ್ದರೂ ಈ ದೊರೆಯನ್ನ ಬಗ್ಗಿಸೋಕೆ ಆಗಲಿಲ್ಲ ಅಂತ ಬರೆದಿದ್ದಾನೆ. ಯುದ್ಧಕ್ಕೆ ಮೊದಲು ಆನೆಗಳಿಗೆ ಹೆಂಡ ಕುಡಿಸ್ತಿದ್ರು, ಸೋತು ಬಂದ ದಳಪತಿಗೆ ಹೆಂಗಸರ ಬಟ್ಟೆ ಕೊಡ್ತಿದ್ರು, ಇವೂ ಇವೆ. ಐಹೊಳೆಯ ಶಾಸನದಲ್ಲಿ ರವಿಕೀರ್ತಿ ತನ್ನ ದೊರೆಯನ್ನ ಹೊಗಳಿದ್ದು ಸಹಜ, ಆಸ್ಥಾನದವನು. ಆದರೆ ಸಾವಿರಾರು ಮೈಲಿ ಆಚೆಯ, ಹರ್ಷನ ಮನೆಯಲ್ಲಿ ಆತಿಥ್ಯ ಪಡೆದ ಒಬ್ಬ ಸನ್ಯಾಸಿ ಅದೇ ಮಾತು ಬರೆದಿದ್ದಾನಲ್ಲ, ಅದನ್ನ ಅಪ್ಪ ಮೂವತ್ತು ವರ್ಷ ಪ್ರತೀ ಜೂನ್ ಜುಲೈನಲ್ಲಿ ಮಕ್ಕಳಿಗೆ ಹೇಳಿಕೊಂಡು ಬಂದಿದ್ದಾರೆ.

ನಮ್ಮ ಪ್ಯಾಕೇಜಿನಲ್ಲಿ ಆ ಗೋಪುರಕ್ಕೆ ಸಿಕ್ಕ ಸಮಯ: ಹದಿನೈದು ನಿಮಿಷ, "ಫೋಟೋ ಸ್ಟಾಪ್", ಬೆಳಿಗ್ಗೆ, ಬಸ್ಸಿನ ಎಂಜಿನ್ ಆಫ್ ಮಾಡದೆ. ಶೋಗೆ ಒಂದೂವರೆ ಗಂಟೆ. ದಾಲ್ ಫ್ರೈಗೆ ಒಂದೂಕಾಲು ಗಂಟೆ.

ಎರಡನೇ ದಿನದ ಸಂಜೆಗೆ ಮತ್ತೆ ಅದೇ ಭೋಜನಾಲಯ ಅಂದಾಗ ನಾವು ಮೂವರೂ ಬರಲ್ಲ ಅಂದ್ವಿ. ಟೂರ್ ಮ್ಯಾನೇಜರ್ ಮುಖ ಸಣ್ಣದಾಯ್ತು. "ಸಾರ್, ನೀವು ಯಂಗ್‌ಸ್ಟರ್ಸು ಓಕೆ, ಅಂಕಲ್ ಆಂಟೀನ ಕರ್ಕೊಂಡು ಹೋಗ್ಬಿಟ್ಟು ಏನಾದ್ರೂ ಆದ್ರೆ ನಾನು ಜವಾಬ್ದಾರಿ ಅಲ್ಲ" ಅಂತ ಒಂದು ಹಾಳೆಗೆ ಸೈನ್ ಹಾಕಿಸಿಕೊಂಡ್ರು. ಅಲ್ಲಿಯ ಲೋಕಲ್ ಗೈಡ್ ಹುಡುಗಿ ಮಾತ್ರ ನಮ್ಮ ಹೋಟೆಲಿನ ವಿಳಾಸವನ್ನ ಚೀನೀ ಅಕ್ಷರದಲ್ಲಿ ದೊಡ್ಡದಾಗಿ ಬರೆದುಕೊಟ್ಟು, ಮ್ಯಾನೇಜರಿಗೆ ಕಾಣದ ಹಾಗೆ ಹೆಬ್ಬೆರಳು ಎತ್ತಿದಳು.

ಅವತ್ತು ಆಗಿದ್ದು ಇಷ್ಟೇ. ಕೋಟೆ ಗೋಡೆಯ ಪಕ್ಕ, ಕಂದಕದ ಉದ್ದಕ್ಕೂ ಪಾರ್ಕ್ ಇದೆ. ಅಲ್ಲಿ ಐದಾರು ಜನ ವಯಸ್ಸಾದವರು ಮಡಚೋ ಕುರ್ಚಿ ಹಾಕ್ಕೊಂಡು ಛಿನ್‌ಛಿಯಾಂಗ್ ಹಾಡ್ತಾ ಇದ್ರು. ಅದು ಆ ಪ್ರಾಂತ್ಯದ ಹಳೆಯ ಸಂಗೀತ ನಾಟಕ. ಒಂದು ಎರಡು ತಂತಿಯ ಪಿಟೀಲು, ಮರದ ತಾಳ, ಮತ್ತೆ ಗಂಟಲು ಹರಿಯೋ ಹಾಗೆ ಕೂಗು. ಟಿಕೆಟ್ ಇಲ್ಲ, ವೇಷ ಇಲ್ಲ, ನಮ್ಮನ್ನ ಯಾರೂ ಕರೆಯಲಿಲ್ಲ, ಓಡಿಸಲೂ ಇಲ್ಲ. ಅಪ್ಪ "ಇದು ನಮ್ಮ ಕಡೆ ದೊಡ್ಡಾಟದ ಭಾಗವತರ ಹಾಗೇ ಏರಿಸ್ತಾರಲ್ಲೋ" ಅಂತ ಅರ್ಧ ಗಂಟೆ ಅಲ್ಲೇ ನಿಂತ್ರು. ಕೊನೆಗೆ ಒಬ್ಬರು ಎದ್ದು ತಮ್ಮ ಕುರ್ಚಿ ಕೊಟ್ರು. ಸ್ವಲ್ಪ ಮುಂದೆ ಆಂಟಿಯರ ಗುಂಪು ಸ್ಪೀಕರ್ ಇಟ್ಟುಕೊಂಡು ಕುಣೀತಿತ್ತು, ಚೀನಾದಲ್ಲಿ ಯಾವ ಊರಿನ ಯಾವ ಮೈದಾನಕ್ಕೆ ಹೋದ್ರೂ ಸಂಜೆ ಇದು ಇದ್ದೇ ಇರುತ್ತೆ. ಅಮ್ಮ ಹಿಂದಿನ ಸಾಲಿನಲ್ಲಿ ನಿಂತು ಬರೀ ಕೈ ಮಾತ್ರ ಆಡಿಸಿದ್ರು. ಫೋಟೋ ತೆಗೆಯೋ ಹಾಗಿಲ್ಲ ಅಂತ ಆಣೆ ಹಾಕಿದ್ರು, ಹಾಗಾಗಿ ಇಲ್ಲಿ ಹಾಕಿಲ್ಲ :-)

ಗಂಟೆ ಗೋಪುರದ ಸ್ಟೇಷನ್‌ನಿಂದ ಮೆಟ್ರೋ 2ನೇ ಲೈನು, ಶಿಯಾವ್‌ಝಾಯ್‌ನಲ್ಲಿ ಇಳಿದು 3ನೇ ಲೈನು, ಮುಂದಿನ ಸ್ಟೇಷನ್ನೇ ಗೋಪುರ. ಲಿಫ್ಟ್ ಇದೆ, ಇಂಗ್ಲಿಷ್ ಬೋರ್ಡ್ ಇದೆ. ಉತ್ತರದ ಚೌಕದಲ್ಲಿ ಸಂಗೀತದ ಕಾರಂಜಿ, ಪುಕ್ಕಟೆ, ಸಾವಿರಾರು ಜನ, ಮಕ್ಕಳು ಒದ್ದೆಯಾಗಿ ಕಿರುಚಾಟ. ದೇವಸ್ಥಾನದ ಬಾಗಿಲು ಆ ಹೊತ್ತಿಗೆ ಮುಚ್ಚಿರುತ್ತೆ, ಆದರೆ ದೀಪ ಹಾಕಿದ ಏಳು ಅಂತಸ್ತಿನ ಇಟ್ಟಿಗೆ ಗೋಪುರ ಎಲ್ಲ ಕಡೆಯಿಂದ ಕಾಣುತ್ತೆ. ದಕ್ಷಿಣದ ಚೌಕದಲ್ಲಿ ಹ್ಯೂಯೆನ್ ತ್ಸಾಂಗ್‌ನ ಪ್ರತಿಮೆ, ಕೈಯಲ್ಲಿ ದಂಡ. ಅಪ್ಪ ಅದರ ಬುಡದಲ್ಲಿ ಕೂತು, ಪಕ್ಕದಲ್ಲಿದ್ದ ಇಂಗ್ಲಿಷ್ ಬರೋ ಒಬ್ಬ ಕಾಲೇಜು ಹುಡುಗನಿಗೆ ಪುಲಕೇಶಿ ಕಥೆ ಹೇಳಿದ್ರು. ಹುಡುಗನಿಗೆ ಕೋತಿರಾಯನ ಕಾದಂಬರಿಯ ಸನ್ಯಾಸಿ ಗೊತ್ತು, ಕನ್ನಡ ನಾಡಿನ ದೊರೆ ಗೊತ್ತಿಲ್ಲ. ಆನೆಗೆ ಹೆಂಡ ಕುಡಿಸೋದು ಕೇಳಿ ಮೊಬೈಲಿನಲ್ಲಿ ಬರೆದುಕೊಂಡ. ಮೂವತ್ತು ವರ್ಷ ಹೇಳಿದ ಪಾಠ, ಇದೇ ಮೊದಲ ಸಲ ಆ ಸನ್ಯಾಸಿಯ ಊರಿನ ಹುಡುಗನಿಗೆ.

ಮೂರು ಜನಕ್ಕೆ ಊಟ ತಿಂಡಿ ಮೆಟ್ರೋ ಎಲ್ಲ ಸೇರಿ ಖರ್ಚಾಗಿದ್ದು, ಹಿಂದಿನ ರಾತ್ರಿಯ ಶೋದ ಒಂದು ಸೀಟಿನ ದುಡ್ಡಿಗಿಂತ ಕಮ್ಮಿ.

ಹಾಗಾದ್ರೆ ಕಂಪನಿಗಳು ಯಾಕೆ ಹೀಗೆ ಮಾಡ್ತಾವೆ? ನಾನು ಇಂಜಿನಿಯರು, ಅವರ ತಲೆಬಿಸಿ ಅರ್ಥ ಆಗುತ್ತೆ. ನಲವತ್ತು ಜನ, ಒಂದು ಬಸ್ಸು, ಒಂದು ಬಿಲ್ಲು. ನಲವತ್ತು ಜನರನ್ನ ಬೀದಿಗೆ ಬಿಟ್ಟರೆ ಒಂಬತ್ತಕ್ಕೆ ಮೂವತ್ತೇಳು ಜನ ವಾಪಸ್ ಬರ್ತಾರೆ. ಥಿಯೇಟರಿನಲ್ಲಿ ಕೂರಿಸಿದ್ರೆ ಎಣಿಸೋದು ಸುಲಭ. ಸೀಟು ಹೆಚ್ಚು ತುಂಬಿಸಿದವರಿಗೆ ರೇಟು ಇಳಿಯೋದೂ ಸಹಜ. ಆದರೆ ಅದನ್ನ ಅವರ ಅನುಕೂಲ ಅಂತ ಹೇಳಲಿ, ನಮ್ಮ ಅನುಕೂಲ ಅಂತ ಹೇಳಬಾರದು. ಚೀನಾದವರೇ 2013ರಲ್ಲಿ ಪ್ರವಾಸೋದ್ಯಮ ಕಾನೂನು ತಂದಾಗ, ಕಮ್ಮಿ ರೇಟು ತೋರಿಸಿ ಕರೆತಂದು ಆಮೇಲೆ ಅಂಗಡಿ ಸುತ್ತಿಸೋದು, ಬೇರೆ ದುಡ್ಡಿನ ಕಾರ್ಯಕ್ರಮ ಹೇರಿ ಒಳಗಿಂದ ಪಾಲು ತಗೊಳ್ಳೋದು, ಇವಕ್ಕೆ ತಡೆ ಹಾಕಿದ್ರು. ಅಂದ್ರೆ ಇದೊಂದು ರೋಗ ಅಂತ ಆ ದೇಶಕ್ಕೇ ಗೊತ್ತಿದೆ. ನಾವು ಮಾತ್ರ "ಶೋ ಇನ್‌ಕ್ಲೂಡೆಡ್" ಅಂತ ಖುಷಿಪಟ್ಟು ಸೈನ್ ಹಾಕ್ತೀವಿ.

"ವಯಸ್ಸಾದವರಿಗೆ ಕಷ್ಟ" ಅನ್ನೋ ಮಾತಿಗೆ ಪೂರ್ತಿ ಇಲ್ಲ ಅನ್ನೋಲ್ಲ. ನಮ್ಮ ಗುಂಪಿನಲ್ಲಿ ಮಂಡಿ ನೋವಿನ ಒಬ್ಬ ಆಂಟಿ ಇದ್ರು, ಅವರಿಗೆ ಮೆತ್ತನೆ ಕುರ್ಚಿ ನಿಜವಾಗಿಯೂ ಬೇಕಿತ್ತು, ಶೋ ಇಷ್ಟಾನೂ ಆಯ್ತು. ಅವರು ನೋಡಲಿ. ಆದರೆ ಒಬ್ಬರ ಮಂಡಿ ತೋರಿಸಿ ಉಳಿದ ಮೂವತ್ತೊಂಬತ್ತು ಜನರ ಸಂಜೆ ಯಾಕೆ ಕಟ್ಟಿ ಹಾಕಬೇಕು? ಭಾಷೆ ಬರಲ್ಲ ಅನ್ನೋದೂ ಈಗ ನೆಪ. ಫೋನೇ ಅನುವಾದ ಮಾಡುತ್ತೆ. 2023ರಿಂದ ಅಲಿಪೇ, ವೀಚಾಟ್‌ಗಳಲ್ಲಿ ವಿದೇಶಿ ಕಾರ್ಡ್ ಸೇರಿಸೋದು ಸಲೀಸಾಗಿದೆ, ಲಿಯಾಂಗ್‌ಪಿ ಗಾಡಿಯವನಿಗೂ ಅದರಲ್ಲೇ ಕೊಡಬಹುದು. ಹೊರಡೋ ಮೊದಲು ಬೆಂಗಳೂರಿನಲ್ಲೇ ಸೆಟ್ ಮಾಡಿಕೊಳ್ಳಿ, ಅಲ್ಲಿ ಹೋಗಿ ಒಟಿಪಿ ಬರಲಿಲ್ಲ ಅಂತ ಒದ್ದಾಡಬೇಡಿ.

ಹಾಗಾಗಿ ಪ್ಯಾಕೇಜ್ ಹಾಳೆ ಕಳಿಸಿ ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ. ಬುಕ್ ಮಾಡೋ ಮೊದಲು ಆ ಸಾಲಿನ ಮೇಲೆ ಪೆನ್ನಿನಲ್ಲಿ ಗೀಟು ಹಾಕಿ ವಾಪಸ್ ಕಳಿಸಿ. ಊಟದ್ದು, ಶೋದ್ದು ಎಷ್ಟು ದುಡ್ಡು ಅಂತ ಬೇರೆ ಬೇರೆ ಬರೆದು ಕೊಡೋಕೆ ಹೇಳಿ, ಅಷ್ಟನ್ನ ಕಳೆಯೋಕೆ ಹೇಳಿ. ಕಳೆಯಲ್ಲ ಅಂದ್ರೆ ಶಿಯಾನ್‌ನಲ್ಲಿ ಒಂದು ಸಂಜೆಯಾದ್ರೂ ಪೂರ್ತಿ ಬಿಡುವು ಅಂತ ಲಿಖಿತದಲ್ಲಿ ತಗೊಳ್ಳಿ, ಗಂಟೆ ಗೋಪುರದ ಹತ್ತಿರ ಆರಕ್ಕೆ ಬಿಟ್ಟು ಹತ್ತಕ್ಕೆ ಅದೇ ಜಾಗದಲ್ಲಿ ಬಸ್ಸು ಅಂತ. ಹತ್ತು ಜನ ಹೀಗೆ ಕೇಳಿದ್ರೆ ಹನ್ನೊಂದನೆಯವರಿಗೆ ಅವರೇ ಅಚ್ಚು ಹಾಕಿಸಿ ಕೊಡ್ತಾರೆ. ಕೇಳಿ ನೋಡಿದವರು ಕೆಳಗೆ ಕಾಮೆಂಟಿನಲ್ಲಿ ಏನಂದ್ರು ಅಂತ ಬರೀರಿ. ಕಂಪನಿ ಹೆಸರು ಬೇಡ, ಉತ್ತರ ಮಾತ್ರ ಸಾಕು.